ಶಾಕಪ್ ಹೊಸಾವು, ಸಪ್ಪಳಾನೂ ಹೊಸಾದು

ಗಾಡಿ ಶಾಕಪ್ ಬದಲಿ ಮಾಡಿಸಿದ್ರ ಸಪ್ಪಳ ಹೋಗಬೇಕಲ್ರಿ? ನಮ್ಮ ಗಾಡಿಗೆ ಬದಲಿ ಮಾಡಿಸಿದ ದಿನಾನ ಸಪ್ಪಳ ಶುರು ಆತು. ಮೊದಲ ಇದ್ದದ್ದು ಬ್ಯಾರೆ ಥರದ್ದು. ಹಂಪ್ ದಾಟಿದ ಮ್ಯಾಲೆ ಗಾಡಿ ಮೂತಿ ಎರಡ ಮೂರ ಸಲ ತೊಟ್ಲಾ ತೂಗಿದಂಗ ಮ್ಯಾಲೆ ಕೆಳಗ ಆಗತಿತ್ತು, ದೊಡ್ಡ ತೆಗ್ಗಿನ್ಯಾಗ ಇಳದ್ರ ಧಡ್ ಅಂತಿತ್ತು. ಅದು ಹೋತು, ಸುಳ್ಳ ಯಾಕ ಹೇಳ್ಲಿ. ಅದರ ಜಾಗಾಕ್ಕ ಸಣ್ಣಗ ‘ಕಟ್ ಕಟ್ ಕಟ್’ ಅಂತ ಒಂದು ಬಂತು, ತಗಡಿನ ಡಬ್ಬ್ಯಾಗ ನಾಕ ಅಡಕಿ ಹಾಕಿ ಅಲ್ಲಾಡಿಸಿದಂಗ. ಗೇಟಿನಿಂದ ಹೊರಗ ತಗಿಯೋ ಮುಂದ ಸ್ಟೇರಿಂಗ್ ತಿರಿವಿದ್ರ ‘ಟೊಂಯ್’ ಅಂತ ಇನ್ನೊಂದು.

ಕಡೀಕ ಅದನ್ನ ಹೆಂಗ ಹಿಡದ್ರಿ ಅಂತ ಇಬ್ಬರು ವೈನಿ, ಒಬ್ಬರು ಮಾವಶಿ, ಕೆಳಗಿನ ಓಣಿ ಅಕ್ಕಾವ್ರು ಎಲ್ಲಾರೂ ಕೇಳ್ಯಾರ. ಫೋನಿನ್ಯಾಗ ಹೇಳಲಿಕ್ಕೆ ಹೋದ್ರ ಅರ್ಧ ತಾಸು ಬೇಕು, ಅದೂ ಪೂರಾ ತಿಳಿಯೂದಿಲ್ಲ. ಅದಕ್ಕ ಇಲ್ಲೆ ಬರೀಲಿಕತ್ತೀನಿ.

ನಮ್ಮ ಗಾಡಿ ಸಣ್ಣದು, ಒಂಬತ್ತು ವರ್ಷದ್ದು, 87 ಸಾವಿರ ಕಿ.ಮೀ. ಓಡೇದ. ನಮ್ಮ ಅತ್ತಿಯವರಿಗೆ ವಾರಕ್ಕ ಮೂರ ದಿನ ಡಯಾಲಿಸಿಸ್. ಸಪ್ತಾಪುರದಿಂದ ಹುಬ್ಬಳ್ಳಿಗೆ ಹೋಗಿ, ನಾಕ ತಾಸು ಕೂತು, ತಿರಗಿ ಕರಕೊಂಡು ಬರಬೇಕು. ನಮ್ಮನಿಯವರ ನೌಕರಿ ಕಲಬುರಗ್ಯಾಗ, ಹದಿನೈದು ದಿನಕ್ಕೊಮ್ಮೆ ಬರ್ತಾರ. ಹಿಂಗಾಗಿ ಗಾಡಿ ಓಡಸೋದೂ ನಂದ, ರಿಪೇರಿ ಮಾಡಸೋದೂ ನಂದ. ಅತ್ತಿಯವರ ಎಡಗೈಯಾಗ ಫಿಸ್ಟುಲಾ ಮಾಡ್ಯಾರ, ರಕ್ತ ತಗಿಯೋದಕ್ಕಂತ ಎರಡು ನರ ಜೋಡಿಸಿದ ಜಾಗಾ. ಬರೋ ಮುಂದ ಆ ಕೈ ದಿಂಬಿನ ಮ್ಯಾಲೆ ಇಟಗೊಂಡು ಕೂಡ್ತಾರ. ಮೈಯಾಗ ಎಳ್ಳಷ್ಟೂ ತ್ರಾಣ ಇರೂದಿಲ್ಲ. ಗಾಡಿ ಎಗರಿದ್ರ ಅವರ ಮಾರಿ ನೋಡಲಿಕ್ಕೆ ಆಗೂದಿಲ್ಲ. ಶಾಕಪ್ ಬದಲಿ ಮಾಡಿಸಿದ್ದ ಅದಕ್ಕ.

ಮುಂದಿನ ಎರಡೂ ಶಾಕಪ್, ಕೆಳಗಿನ ಆರ್ಮಿನ ಬುಶ್, ಮಜೂರಿ, ಅಲೈನ್‌ಮೆಂಟ್ ಎಲ್ಲಾ ಕೂಡಿ 11,400 ರೂಪಾಯಿ ಆತು. ಮೂರ ದಿನಕ್ಕ ತಿರಗಿ ಹೋಗಿ ಸಪ್ಪಳ ಬರ್ತದರಿ ಅಂದ್ರ ಗ್ಯಾರೇಜಿನವರು, “ಹೊಸಾ ಸಾಮಾನ ಮೇಡಮ್, ಒಂದ ಸಾವಿರ ಕಿ.ಮೀ. ಓಡ್ಲಿ, ಕೂಡ್ತದ” ಅಂದ್ರು. ಶಾಕಪ್ ಏನು ಹೊಸಾ ಚಪ್ಪಲೇನ್ರಿ, ಹಾಕ್ಕೊಂಡ ಹಾಕ್ಕೊಂಡ ಸಡ್ಲ ಆಗಲಿಕ್ಕೆ? ಮುಂದಿನ ವಾರ ಮತ್ತ ಹೋದೆ. ಹುಡುಗ ಒಂದು ಸುತ್ತ ಓಡಿಸ್ಕೊಂಡು ಬಂದ, ಎಡಗಡೆ ಗಾಲಿ ಬಿಚ್ಚಿದ, ಎಲ್ಲಾ ಬರೋಬ್ಬರಿ ಅದ ಅಂದ. ಮೂರನೇ ಸಲಕ್ಕ ಮಾಲಕರು ಸ್ವತಃ ಬಂದು, ಸ್ಟೇರಿಂಗ್ ರ್‍ಯಾಕ್ ಹೋಗೇದ, 14 ಸಾವಿರ ಆಗ್ತದ, ಹಾಕಿಸಿಬಿಡ್ರಿ ಅಂದ್ರು.

ನಮ್ಮನಿಯವರಿಗೆ ಫೋನ್ ಮಾಡಿದ್ರ, “ನೀ ಭಾಳ ಲಕ್ಷ್ಯ ಕೊಟ್ಟು ಕೇಳ್ತಿ, ರೇಡಿಯೋ ಹಚ್ಚು” ಅಂದ್ರು. ಗಂಡಸರ ಉತ್ತರ ಎಂದೂ ಹಿಂಗ. ಮಿಕ್ಸರ್ ಜಾರಿನ ಬುಶ್ ಹೋಗೂಕಿಂತ ಎಂಟು ದಿನ ಮೊದಲ ಸಪ್ಪಳದ ಮ್ಯಾಲೆ ಗುರ್ತ ಹಿಡೀತೀವಿ, ಕುಕ್ಕರ್ ಸೀಟಿ ಕೇಳಿ ಒಳಗ ನೀರ ಎಷ್ಟ ಉಳದದ ಅಂತ ಹೇಳ್ತೀವಿ, ಗಾಡಿ ಸಪ್ಪಳ ಕೇಳಿದ್ರ ಮಾತ್ರ ನಮ್ಮ ತಲ್ಯಾಗಿನ ಸಪ್ಪಳ!

ನಮ್ಮ ತವರಮನಿ ಓಣ್ಯಾಗ ಒಬ್ಬರು ಕಾಕಾ ಇದ್ದಾರ. 40 ವರ್ಷ ಗಾಡಿ ರಿಪೇರಿ ಮಾಡಿ ಈಗ ಮಗನ ಕೈಗೆ ಗ್ಯಾರೇಜ್ ಕೊಟ್ಟು ಕುರ್ಚಿ ಹಾಕ್ಕೊಂಡು ಕೂಡ್ತಾರ. ಅವರಿಗೆ ಫೋನ್ ಹಚ್ಚಿ, “ಕಾಕಾ, ಎಡಗಡೆ ಗಾಲಿ ಹತ್ರ ಸಪ್ಪಳ” ಅಂದ ಕೂಡಲೇ ಅವರು ನನ್ನ ಅಲ್ಲೇ ನಿಂದರಿಸಿದ್ರು.

“ಎಲ್ಲಿಂದ ಬರ್ತದ ಅಂತ ಹೇಳಬ್ಯಾಡವಾ. ಕಬ್ಬಣ ಅದು, ಒಂದ ಮೂಲಿಗೆ ಬಡದ್ರ ಇನ್ನೊಂದ ಮೂಲ್ಯಾಗ ಕೇಳಸ್ತದ. ಯಾವಾಗ ಬರ್ತದ ಹೇಳು. ಓಡ್ಸೋ ಮುಂದೋ ನಿಂತಾಗೋ, ತಿರಗಿಸೋ ಮುಂದೋ ನೆಟ್ಟಗ ಹೋಗೋ ಮುಂದೋ, ಒಂದ ಗಾಲಿ ಏರಿದಾಗೋ ಎರಡೂ ಏರಿದಾಗೋ. ಇನ್ನೊಂದು, ಅವರು ಯಾವ್ಯಾವ ನಟ್ಟಿಗೆ ಕೈ ಹಚ್ಚ್ಯಾರ ಅದನ್ನ ಕೇಳ್ಕೊಂಡ ಬಾ. ರಿಪೇರಿ ಆದ ಮರುದಿನ ಹುಟ್ಟಿದ ಸಪ್ಪಳ ಅವರು ಕೈ ಹಚ್ಚಿದ್ದರಾಗ ಇರ್ತದ, ರ್‍ಯಾಕಿನ್ಯಾಗ ಯಾಕಿರ್ತದ?”

ಈ ಮಾತು ನನಗ ಭಾಳ ಹಿಡಸ್ತು. ವೈದ್ಯರೂ ಹಿಂಗ ಅಲ್ಲೇನು? ಹೊಟ್ಟಿ ನೋವು ಅಂದ್ರ ಮೊದಲ ಊಟಕ್ಕ ಮೊದಲೋ ಆಮ್ಯಾಲೋ ಅಂತ ಕೇಳ್ತಾರ, ಸೀದಾ ಕತ್ತರಿ ತಗೊಳ್ಳೂದಿಲ್ಲ.

ಒಳಗ ಏನ ಇರ್ತದ ಅನ್ನೋದನ್ನ ಸ್ವಲ್ಪ ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಮುಂದಿನ ಒಂದೊಂದು ಗಾಲಿ ಮ್ಯಾಲೆ ಒಂದು ದಪ್ಪ ಸ್ಪ್ರಿಂಗು, ಅದರ ನಟ್ಟನಡುವ ಒಂದು ಕೊಳವಿ. ಗಾಡಿ ಭಾರ ಹೊರೋದು ಸ್ಪ್ರಿಂಗು. ಆದ್ರ ಸ್ಪ್ರಿಂಗಿನ ತೊಟ್ಲಾ ನೋಡೀರಲ್ಲ, ಒಮ್ಮೆ ಜಗ್ಗಿ ಬಿಟ್ರ ತಾನ ಕುಣೀತನ ಇರ್ತದ. ಆ ಕುಣಿತ ನಿಂದರಸೋದು ಕೊಳವಿ ಕೆಲಸ. ಒಳಗ ಎಣ್ಣಿ ತುಂಬಿರ್ತದ, ಸಣ್ಣ ಸಣ್ಣ ತೂತಿನ್ಯಾಗ ಹಾಯ್ದು ಹೋಗಲಿಕ್ಕೆ ಆ ಎಣ್ಣಿ ಒದ್ದಾಡ್ತದ, ಅಷ್ಟರಾಗ ಕುಣಿತ ಸತ್ತು ಹೋಗ್ತದ. ಎಣ್ಣಿ ಸೋರಿದ್ರ ಶಾಕಪ್ ಹೋತು ಅಂತಾರ. ಸ್ಪ್ರಿಂಗು, ಕೊಳವಿ ಎರಡೂ ಒಂದರಾಗ ಕೂಡಸಿ ಗಾಲಿ ಮ್ಯಾಲೆ ನೆಟ್ಟಗ ನಿಂದರಸೋ ಈ ಪದ್ಧತಿಯನ್ನ 1940ರ ದಶಕದಾಗ ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಅಮೆರಿಕಾದ ಇಂಜಿನಿಯರ್ ರೂಪಿಸಿದ್ರು. ಇವತ್ತ ನಮ್ಮ ನಿಮ್ಮ ಸಣ್ಣ ಗಾಡಿ ಬಹುತೇಕ ಎಲ್ಲಾದರ ಮುಂದೂ ಅದ ಇರೋದು. ಕೊಳವಿಯ ಮ್ಯಾಲಿನ ತುದಿ ಬಾನೆಟ್ ಕೆಳಗ ಬಂದು ಒಂದು ರಬ್ಬರ್ ಗಾದಿಗೆ ಕೂಡ್ತದ. ಅದಕ್ಕ ಮೌಂಟಿಂಗ್ ಅಂತಾರ, ಅದರಾಗ ಒಂದು ಬೇರಿಂಗ್ ಇರ್ತದ. ಸ್ಟೇರಿಂಗ್ ತಿರಿವಿದ್ರ ಸ್ಪ್ರಿಂಗು ಸಹಿತ ಇಡೀ ಶಾಕಪ್ ತಿರಗ್ತದ, ಆ ಬೇರಿಂಗ್ ಮ್ಯಾಲೆ.

ಮೊದಲ ಮನಿಯೊಳಗಿನ ಕಳ್ಳರನ್ನ ಹುಡಕು ಅಂದ್ರು ಕಾಕಾ. ಡಿಕ್ಕಿ ಖಾಲಿ ಮಾಡಿದೆ. ಜಾಕು, ಪಾನಾ, ಸ್ಟೆಪ್ನಿ, ಅತ್ತಿಯವರ ಚೀಲ, ಮಗನ ಕ್ರಿಕೆಟ್ ಬಾಲು, ಹೋದ ವರ್ಷದ ಒಂದು ತೆಂಗಿನಕಾಯಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿದೆ. ನಂಬರ್ ಪ್ಲೇಟು, ಬಾನೆಟ್ ಕೋಲು ಅಲ್ಲಾಡ್ತಾವೇನು ನೋಡಿದೆ. ಸಪ್ಪಳ ಇದ್ದಲ್ಲೇ ಇತ್ತು.

ಆಮ್ಯಾಲೆ ವಹಿ ಶುರು ಆತು. ಬರಿಯೋ ಕೆಲಸ ಅತ್ತಿಯವರು ತಾವ ತಗೊಂಡ್ರು. ನಾ ಓಡಿಸ್ಕೋತ ಬರೀಲಿಕ್ಕೆ ಆಗೂದಿಲ್ಲಲ್ಲ. ಅವರ ಬಲಗೈ ಆರಾಮ ಅದ, ಹೋಗೋ ಮುಂದ ಮೈಯಾಗ ಶಕ್ತಿನೂ ಇರ್ತದ. ಕಿರಾಣಿ ಲೆಕ್ಕದ ಹಳೇ ವಹಿ, ಒಂದು ಪೆನ್ಸಿಲ್. ಮೊದಲನೇ ದಿನ ಬರದದ್ದು ಇಷ್ಟ: “ನನ್ನ ಕಾಲ ಬುಡಕ ಕುಟ್ಟಾಣಿ ಕುಟ್ಟತದ.” ನಾ ಅಂದೆ, “ಅತ್ಯಾರ, ಎಲ್ಲೆ ಅಂತ ಬ್ಯಾಡಂತ, ಯಾವಾಗ ಅಂತ ಬೇಕಂತ.” ಅವರಿಗೆ ಸಿಟ್ಟ ಬಂತು. “ನನ್ನ ಕಾಲು, ನನಗ ಗೊತ್ತಾಗೂದಿಲ್ಲೇನು?” ಆದ್ರ ಮರುದಿನದಿಂದ ಲೆಕ್ಕದ ಮಾಸ್ತರ ಬರದಂಗ ಬರದ್ರು. ವಹಿ ಇನ್ನೂ ಅದ, ನೋಡಿ ಹೇಳ್ತೀನಿ.

“ಓಣಿ ಫರ್ಸಿ ಮ್ಯಾಲೆ, ಸಾವಕಾಶ. ಕಟ್ ಕಟ್ ಭಾಳ.”
“ನವಲೂರ ದಾಟಿ, ಸಪಾಟ ರಸ್ತೆ, 60ರ ಮ್ಯಾಲೆ. ಇಲ್ಲ.”
“ಹಂಪ್, ನೆಟ್ಟಗ ಏರಿತು. ಇಲ್ಲ.”
“ಎಡ ಗಾಲಿ ತೆಗ್ಗಿನ್ಯಾಗ. ಕಟಕ್.”
“ಬಲ ಗಾಲಿ ತೆಗ್ಗಿನ್ಯಾಗ. ಕಟಕ್.”
“ಉಣಕಲ್ ಸಿಗ್ನಲ್, ನಿಂತದ. ಇಲ್ಲ.”
“ಗೇಟಿನ್ಯಾಗ, ನಿಂತ ತಿರಿವಿದ್ಲು. ಟೊಂಯ್.”

ನಾಕ ಸರತಿ ಹೋಗಿ ಬರೂದ್ರಾಗ ಎರಡು ಪುಟ ಆತು. ಕಾಕಾಗ ಫೋನಿನ್ಯಾಗ ಓದಿ ಹೇಳಿದೆ. ಅವರು ಕೇಳಿ, “ಇವು ಎರಡು ಬ್ಯಾರೆ ಬ್ಯಾರೆ ಸಪ್ಪಳ, ಕೂಡಿಸಿ ಒಂದ ಮಾಡಬ್ಯಾಡ್ರಿ” ಅಂದ್ರು. ಗ್ಯಾರೇಜಿನವರು ರ್‍ಯಾಕ್ ಅಂದಿದ್ದು ಹಂಗ ನೋಡ್ರಿ. ಓಡ್ಸೋ ಮುಂದೂ ಅದ, ತಿರಿವೋ ಮುಂದೂ ಅದ, ಎರಡಕ್ಕೂ ಸೇರಿದ್ದು ಯಾವುದು, ರ್‍ಯಾಕು! ಲೆಕ್ಕ ಸುಲಭ ಆತು, ಉತ್ತರ ತಪ್ಪಿತು.

ಮೊದಲ ಕಟ್ ಕಟ್ ವಿಷಯ. ಎಡ ಗಾಲಿಗೂ ಬಲ ಗಾಲಿಗೂ ನಡುವ ಅಡ್ಡ ಒಂದು ಕಬ್ಬಣದ ಸರಳು ಇರ್ತದ. ತಿರುವಿನ್ಯಾಗ ಗಾಡಿ ಒಂದ ಕಡೆ ವಾಲಬಾರದು ಅಂತ. ಆ ಸರಳಿನ ಎರಡೂ ತುದಿಗೆ ಗೇಣುದ್ದದ ಒಂದೊಂದು ಸಣ್ಣ ಕಡ್ಡಿ, ಅದಕ್ಕ ಲಿಂಕ್ ರಾಡ್ ಅಂತಾರ. ಕಡ್ಡಿಯ ಎರಡೂ ತುದಿಗೆ ನಮ್ಮ ಭುಜದ ಕೀಲಿನಂಥಾ ಗುಂಡು. ನಮ್ಮ ಗಾಡ್ಯಾಗ ಅದರ ಮ್ಯಾಲಿನ ತುದಿ ಶಾಕಪ್‌ಗೇ ಕೂತಿರ್ತದ, ಹಿಂಗಾಗಿ ಶಾಕಪ್ ತಗೀಬೇಕಂದ್ರ ಅದನ್ನ ಬಿಚ್ಚಲೇಬೇಕು. ಅಂದ್ರ ಗ್ಯಾರೇಜಿನವರು ಅದಕ್ಕ ಕೈ ಹಚ್ಚ್ಯಾರ, ಅದು ನೂರಕ್ಕ ನೂರು ಖರೆ.

ಈಗ ಮಜಾ ನೋಡ್ರಿ. ಎರಡೂ ಗಾಲಿ ಕೂಡೇ ಏರಿ ಕೂಡೇ ಇಳದ್ರ ಆ ಸರಳು ತನ್ನ ಜಾಗಾದಾಗ ಸುಮ್ನ ತಿರಗ್ತದ, ತಿರುಚಿಕೊಳ್ಳೂದಿಲ್ಲ. ಲಿಂಕಿಗೆ ಹೇಳ್ಕೊಳ್ಳೋ ಹಂಗ ಜಗ್ಗಾಟ ಇರೂದಿಲ್ಲ. ಒಂದ ಗಾಲಿ ಏರಿ ಇನ್ನೊಂದು ಕೆಳಗ ಉಳದ್ರ ಸರಳು ಹಸೀ ಅರಿವಿ ಹಿಂಡಿದಂಗ ತಿರುಚ್ತದ, ಎರಡೂ ಲಿಂಕ್ ಜಗ್ಗಾಡ್ತಾವ. ಅಲ್ಲೆ ಸಡಿಲ ಇದ್ರ ಅವಾಗ ಕಟಕ್ ಅಂತದ. ಅತ್ತಿಯವರ ವಹ್ಯಾಗ ನೆಟ್ಟಗಿನ ಹಂಪ್‌ಗೆ “ಇಲ್ಲ”, ಒಂಟಿ ಗಾಲಿ ತೆಗ್ಗಿಗೆ “ಕಟಕ್” ಬರದದ್ದು ಅದನ್ನ ಹೇಳಲಿಕತ್ತಿತ್ತು. ಶಾಕಪ್ ಮ್ಯಾಲಿನ ನಟ್ಟು ಸಡ್ಲ ಇದ್ದಿದ್ರ ಎರಡೂ ಕಡೆ ಕೇಳಸಬೇಕಿತ್ತು. ಈ ಪರೀಕ್ಷಾ ಪೂರಾ ಖಾತ್ರಿ ಅಂತಲ್ಲ, ಭಾಳ ಸಡ್ಲ ಆದ ಲಿಂಕು ಎಲ್ಲಾ ಕಡೆನೂ ಬಡಕೋತದ. ಆದ್ರ ಎತ್ತ ಕಡೆ ನೋಡಬೇಕು ಅನ್ನೋದು ತಿಳೀತದ.

ಪಕ್ಕಾ ಮಾಡ್ಕೊಳ್ಳಿಕ್ಕೆ ಒಂದು ಆಯಿತವಾರ ಮುಂಜಾನೆ ರಸ್ತೆ ಖಾಲಿ ಇದ್ದಾಗ ನಾ ಒಬ್ಬಾಕಿನ ಹೋದೆ. ರಸ್ತೆ ಪೂರಾ ಅಗಲ ಇರೋ ಹಂಪ್ ಒಂದು ಬೇಕಿತ್ತು. ಹುಡಕಲಿಕ್ಕೆ ತ್ರಾಸ ಆತ್ರಿ! ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರ ಮಾನಕ ಓದಿದ್ರ ಹಂಪ್ ಅಂದ್ರ 3.7 ಮೀಟರ್ ಉದ್ದಕ್ಕ ಇಳಿಜಾರಾಗಿ ಹರಡಿರಬೇಕು, ನಡುವ 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಾಗ ಆರಾಮ ದಾಟಬೇಕು ಅಂತ ಅದ. ನಮ್ಮ ಕಡೆ ಯಾರದರ ಮನಿ ಮುಂದ ಉಳದ ಸಿಮೆಂಟ್ ಇದ್ರ ಅದ ಹಂಪ್. ಮೆಟ್ಟಲಾ ಹತ್ತಿ ಇಳದಂಗ. ಅಂತೂ ಒಂದು ಸಿಕ್ತು. ಸಾವಕಾಶ ನೆಟ್ಟಗ ಹತ್ತಿಸಿದೆ, ಸಪ್ಪಳಿಲ್ಲ. ಮತ್ತ ಬಂದು ಅಂಚಿಗೆ ಹೋಗಿ ಎಡ ಗಾಲಿ ಅಷ್ಟ ಹತ್ತಿಸಿದೆ, ಕಟಕ್. ಬಲ ಗಾಲಿ ಅಷ್ಟ ಹತ್ತಿಸಿದೆ, ಕಟಕ್. ಆರು ಸಲ ಮಾಡಿದೆ, ಆರೂ ಸಲ ಹಂಗ. ವಾಕಿಂಗ್ ಹೊಂಟಿದ್ದ ಅಜ್ಜಾರು ಒಬ್ಬರು ನಿಂತು, “ಲೈಸೆನ್ಸ್ ಪರೀಕ್ಷಾ ಏನವಾ?” ಅಂತ ಕೇಳಿದ್ರು.

ಕಾಕಾ ಇನ್ನೂ ಒಂದು ಹೇಳಿದ್ರು. ಫರ್ಸಿ ಮ್ಯಾಲೆ ಕಟ್ ಕಟ್ ಬರೋ ಮುಂದ ಬ್ರೇಕಿನ ಮ್ಯಾಲೆ ಹಗೂರಕ ಕಾಲಿಡು, ಸಪ್ಪಳ ನಿಂತ್ರ ಅದು ಬ್ರೇಕ್ ಪ್ಯಾಡಿಂದು ಇಲ್ಲಾ ಕ್ಯಾಲಿಪರಿಂದು. ಶಾಕಪ್ ಕೆಲಸದಾಗ ಬ್ರೇಕಿನ ಪೈಪು ಬಿಡಿಸಿ ಸರಸ್ತಾರ, ಅಲ್ಲೇನರೆ ಸಡ್ಲ ಬಿಟ್ಟಿರಬಹುದು ಅಂತ. ಇಟ್ಟು ನೋಡಿದೆ, ಸಪ್ಪಳ ಹಂಗ ಇತ್ತು. ಬ್ರೇಕ್ ಅಲ್ಲ ಅಂತ ಅದನ್ನ ಹೊಡದು ಹಾಕಿದ್ವಿ.

‘ಟೊಂಯ್’ ಹಿಡಿಯೋದು ಭಾಳ ಸರಳ ಆತು. ಎದುರಿನ ಮನಿ ವೈನಿಯವರನ್ನ ಕರದೆ. ಸ್ಕೂಟಿ ಬಿಟ್ಟು ಏನೂ ಓಡಿಸಿದವರಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಜಗ್ಗಿ, ಇಂಜಿನ್ ಚಾಲೂ ಇಟ್ಟು, ಒಳಗ ಕೂತು ಬರೇ ಸ್ಟೇರಿಂಗ್ ಆ ಕಡೆ ಈ ಕಡೆ ತಿರಿವ್ರಿ ಅಂದೆ. ಅವರು ದೇವರ ನೆನಸಿ ತಿರಿವಿದ್ರು. ನಾ ಸೆರಗ ಸೊಂಟಕ್ಕ ಸಿಗಿಸಿ, ಬಾನೆಟ್ ತಗದು, ಶಾಕಪ್ ತುದಿಯ ಆ ರಬ್ಬರ್ ಗಾದಿ ಮ್ಯಾಲೆ ಅಂಗೈ ಇಟ್ಟೆ. ಎಡಗಡೆದು ಮೆತ್ತಗ ತಿರಗಿತು. ಬಲಗಡೆದು ಸುಮ್ನ ಇತ್ತು, ಸುಮ್ನ ಇತ್ತು, ಒಮ್ಮೆಲೆ ಅಂಗೈಗೆ ಫಟ್ ಅಂತ ಹೊಡೀತು, ಟೊಂಯ್ ಅಂತು. ಬೇರಿಂಗ್ ಬಿಗದು ಕೂತದ. ಸ್ಪ್ರಿಂಗು ತಿರಗಲಿಕ್ಕೆ ಜಾಗಾ ಸಿಗದ ತಿರುಚಿಕೋತ ಹೋಗ್ತದ, ತಡೀಲಾರದ ಒಮ್ಮೆ ಜಾರತದ. ವೈನಿಯವರಿಗೂ ಇಳದು ಬಂದು ಕೈ ಇಟ್ಟು ನೋಡೋ ಆಸೆ. ನಾ ಒಳಗ ಕೂತು ತಿರಿವಿದೆ. “ಅಯ್ಯ, ಹೊಟ್ಟ್ಯಾಗಿನ ಕೂಸು ಒದ್ದಂಗ ಒದೀತಲ್ರೀ!” ಅಂದ್ರು. ಇದಕ್ಕಿಂತ ಚೊಲೋ ವರ್ಣನಾ ನನಗ ಬರೂದಿಲ್ಲ. (ನೀವು ಮಾಡಿ ನೋಡೋದಾದ್ರ ಕೈ ಮ್ಯಾಲಿನ ಗಾದಿ ಮ್ಯಾಲೆ ಅಷ್ಟ ಇಡ್ರಿ. ಇಂಜಿನ್ನಿನ ಬೆಲ್ಟು, ಫ್ಯಾನಿನ ಸನೇಕ ಸೆರಗು, ಜಡಿ, ಬಳಿ ಹೋಗಬಾರದು.)

ನೋಡ್ರಿ, ಎಲ್ಲಾ ಸಪ್ಪಳಾನೂ ವಹಿ ಹಿಡಕೊಂಡು ಕೂಡೋವಂಥಾವಲ್ಲ. ಸಪ್ಪಳದ ಕೂಡ ಸ್ಟೇರಿಂಗ್ ಒಂದ ಕಡೆ ಜಗ್ಗಿದ್ರ, ಬ್ರೇಕ್ ಹಿಡದಾಗ ಗಾಡಿ ಸೊಟ್ಟ ಹೋದ್ರ, ಗಾಲಿ ನಡುಗಿಧಂಗ ಆದ್ರ ಅವತ್ತ ಗಾಡಿ ನಿಂದರಸಬೇಕು. ಗಾಲಿ ಕೆಳಗ ಬಾಲ್ ಜಾಯಿಂಟ್ ಅಂತ ಒಂದು ಕೀಲು ಇರ್ತದ, ಅದು ಕಳಚಿದ್ರ ಗಾಲಿ ಮಡಚಿ ಬೀಳ್ತದ. ನಾ ವಹಿ ಶುರು ಮಾಡೂಕಿಂತ ಮೊದಲ ನಮ್ಮ ಪಂಕ್ಚರ್ ಅಂಗಡಿಯವನ ಹತ್ರ ಮುಂದಿನ ಗಾಲಿ ಎತ್ತಿಸಿ ನೋಡಿಸಿದೆ. ಗಾಲಿಯ ಮ್ಯಾಲೆ ಕೆಳಗ ಹಿಡದು ಅಲ್ಲಾಡಿಸಿದ್ರ ಬೇರಿಂಗು, ಬಾಲ್ ಜಾಯಿಂಟ್ ಸಡ್ಲ ಇದ್ರ ಕೈಗೆ ಗೊತ್ತಾಗ್ತದ. ಎಡಕ್ಕ ಬಲಕ್ಕ ಹಿಡದು ಅಲ್ಲಾಡಿಸಿದ್ರ ಸ್ಟೇರಿಂಗಿನ ಟೈ ರಾಡ್. ನಮ್ಮದು ಎರಡೂ ಗಟ್ಟಿ ಇತ್ತು, ಅದಕ್ಕ ಅತ್ತಿಯವರನ್ನ ಕೂಡಿಸ್ಕೊಂಡು ಓಡಾಡಲಿಕ್ಕೆ ಧೈರ್ಯ ಬಂತು. ಬರೇ ಜಾಕಿನ ಮ್ಯಾಲೆ ನಿಂತ ಗಾಡಿ ಕೆಳಗ ಯಾರೂ ಹೋಗಬ್ಯಾಡ್ರಿ, ಗಂಡಸರು ಹೋದ್ರೂ ಬಿಡಬ್ಯಾಡ್ರಿ.

ಮುಂದಿನ ಮಂಗಳವಾರ ಗಾಡಿ ತಗೊಂಡು ಕಾಕಾ ಹತ್ರ ಹೋದೆ. ಅತ್ತಿಯವರೂ ಬಂದ್ರು, ತಮ್ಮ ವಹಿ ಸಹಿತ. ಕಾಕಾ ಎರಡೂ ಪುಟ ಕನ್ನಡಕ ಹಾಕ್ಕೊಂಡು ಓದಿದ್ರು, ಮಗನಿಗೆ ಗಾಡಿ ಗುಂಡಿ ಮ್ಯಾಲೆ ನಿಂದರಸು ಅಂದ್ರು. ಗಾಲಿ ನೆಲದ ಮ್ಯಾಲೆ ಇರಬೇಕು, ಎತ್ತಬಾರದು. ಎತ್ತಿದ್ರ ಎಲ್ಲಾ ಕೀಲೂ ಜೋತು ಬಿದ್ದು ಬಿಗೀತಾವ, ಸಡ್ಲ ಇದ್ದದ್ದೂ ಗಟ್ಟಿ ಅನಸ್ತದ. ಮೊದಲನೇ ಗ್ಯಾರೇಜಿನ ಹುಡುಗ ಎತ್ತಿ ನೋಡಿದ್ದ, ಅದೂ ಎಡಗಡೆ ಅಷ್ಟ, ಯಾಕಂದ್ರ ಸಪ್ಪಳ ಎಡಕ್ಕ ಅಂತ ಎಲ್ಲಾರೂ ಅಂತಿದ್ವಿ.

ಮಗ ಎಡಗಡೆ ಲಿಂಕ್ ಹಿಡದು ಅಲ್ಲಾಡಿಸಿದ. ಗಟ್ಟಿ. ಬಲಗಡೆದು ಹಿಡದ. ‘ಕಟಕ್.’ ಅತ್ತಿಯವರು ಹೊರಗ ಕುರ್ಚಿ ಮ್ಯಾಲೆ ಕೂತವರು ಅಲ್ಲಿಂದನ, “ಹಾಂ, ಇದ ಅದು! ಇದ ಅದು!” ಅಂದ್ರು. ಬಲಗಡೆ ಬಡದದ್ದು ಆ ಅಡ್ಡ ಸರಳಿನ ಗುಂಟ ಹಾಯ್ದು ಎಡಕ್ಕ ಅವರ ಕಾಲ ಬುಡಕ ಕೇಳಸ್ತಿತ್ತು. ಕಾಕಾ ಹೇಳಿದ್ದ ಕಬ್ಬಣದ ಮಾತು.

ಆಗಿದ್ದೇನು ಅಂದ್ರ, ಲಿಂಕಿನ ಗುಂಡಿಗೆ ಒಂದು ಮೊಳೆಯಂಥಾ ತುದಿ ಇರ್ತದ, ಅದಕ್ಕ ನಟ್ಟು ಬಿಗೀತಾರ. ಗುಂಡು ತಿರಗೋ ಕೀಲು ಅಲ್ರಿ, ನಟ್ಟು ತಿರಿವಿದ್ರ ಒಳಗಿನ ಮೊಳೆನೂ ನಟ್ಟಿನ ಕೂಡೇ ಗಿರಗಿರ ತಿರಗಿಬಿಡ್ತದ. ಗಾಳಿ ಗನ್ನು ಹಚ್ಚಿ ಗರ್ರ್ ಅನಿಸಿದ್ರ ಬಿಗೀತು ಅನಸ್ತದ, ಖರೆ ಅಂದ್ರ ನಟ್ಟು ಎರಡು ಎಳಿ ಹಿಂದ ನಿಂತಿರ್ತದ. ಮೊಳೆಯ ತುದ್ಯಾಗ ಆರು ಮೂಲಿ ತೂತು ಇಟ್ಟಿರೋದು ಅದಕ್ಕನ. ಎಲ್ ಆಕಾರದ ಕೀಲಿ ಒಂದು ಅದರಾಗ ಹಾಕಿ ಹಿಡಕೊಂಡು, ನಟ್ಟನ್ನ ಪಾನಾದಲೇ ಬಿಗೀಬೇಕು. ಎರಡು ಕೈ ಕೆಲಸ, ಐದು ನಿಮಿಷ ಹೆಚ್ಚಿಗೆ. ಆ ಐದು ನಿಮಿಷ ಉಳಿಸಿದ್ರು. ಕಳ್ಳತನ ಅಂತ ನಾ ಅನ್ನೂದಿಲ್ಲ, ಅವಸರ. ಆದ್ರ ಅವಸರ ಅವರದು, 14 ಸಾವಿರ ನನ್ನದು ಆಗೂದಿತ್ತು.

ತಿಂಗಳ ತನಕ ಸಡ್ಲ ಬಡಕೊಂಡು ಆ ಲಿಂಕಿನ ರಬ್ಬರ್ ಟೊಪ್ಪಿಗಿನೂ ಹರದಿತ್ತು. ಜೋಡಿ ಹೊಸಾವು ಹಾಕಿಸಿದೆ, 1,300 ರೂಪಾಯಿ.

ಅಷ್ಟಕ್ಕ ಬಿಡಲಿಲ್ಲ ಕಾಕಾ. “ಬುಶ್ ಹಾಕೋ ಮುಂದ ಗಾಡಿ ಎತ್ತಿದಾಗನ ಬಿಗದಾರೋ, ಇಳಿಸಿ ಬಿಗದಾರೋ?” ಅಂದ್ರು. ನನಗೇನು ಗೊತ್ತು? ಕೆಳಗಿನ ಆರ್ಮಿನ ಬುಶ್ ಅಂದ್ರ ರಬ್ಬರ್, ಅದರ ನಡುವ ಬೋಲ್ಟು. ಗಾಲಿ ಜೋತು ಬಿದ್ದಾಗ ಬೋಲ್ಟು ಬಿಗದ್ರ ರಬ್ಬರ್ ಆ ಸ್ಥಿತಿಯಾಗ ಹಿಡಕೋತದ. ಗಾಡಿ ಇಳಿಸಿದ ಮ್ಯಾಲೆ ಹಗಲೂ ರಾತ್ರಿ ತಿರುಚಿಕೊಂಡ ಇರ್ತದ, ಕಿರ್ ಕಿರ್ ಅಂತದ, ಲಗೂ ಹರೀತದ. ಹೋಳಿಗಿ ಊಟಕ್ಕ ಮೊದಲ ಲಂಗದ ಲಾಡಿ ಬಿಗದು ಗಂಟು ಹಾಕಿದ್ರ ಊಟ ಆದ ಮ್ಯಾಲೆ ಏನಾಗ್ತದ ಹೇಳ್ರಿ, ಹಂಗ. ಮಗ ಗಾಡಿ ಗಾಲಿ ಮ್ಯಾಲೆ ನಿಂತಾಗ ಬೋಲ್ಟು ಸಡ್ಲ ಮಾಡಿದ. ‘ಟಣ್’ ಅಂತ ರಬ್ಬರ್ ಬಿಚ್ಚಿಕೊಂಡದ್ದು ನಮಗೂ ಕೇಳಸ್ತು. ಮತ್ತ ಬಿಗದ. ಇದು ಇನ್ನೂ ಸಪ್ಪಳ ಶುರು ಮಾಡಿರಲಿಲ್ಲ, ಮುಂದ ಮಾಡೋದಿತ್ತು.

ಉಳದದ್ದು ಬಲಗಡೆ ಬೇರಿಂಗ್. ಅದಕ್ಕ ಮೊದಲನೇ ಗ್ಯಾರೇಜಿಗೆ ಹೋದೆ, ಬೇಕಂತನ ಹೋದೆ. ಬಿಲ್ ತಗದು ಮುಂದ ಇಟ್ಟೆ. ಶಾಕಪ್ ಅಂತ ಬರದದ, ಬುಶ್ ಅಂತ ಬರದದ, ಮೌಂಟಿಂಗ್, ಬೇರಿಂಗ್ ಅಂತ ಇಲ್ಲ. ಹಳೇವ ಎತ್ತಿ ಹೊಸಾ ಶಾಕಪ್ ಮ್ಯಾಲೆ ಕೂಡಿಸಿದ್ದು. ಒಂಬತ್ತು ವರ್ಷದ ರಬ್ಬರು, ಧೂಳು ತಿಂದ ಬೇರಿಂಗು. ಸಾಮಾನ ಅಗ್ಗದ್ದು, ಆದ್ರ ಅದನ್ನ ಬದಲಿ ಮಾಡಬೇಕಂದ್ರ ಶಾಕಪ್ ಪೂರಾ ಕೆಳಗಿಳಿಸಿ ಸ್ಪ್ರಿಂಗ್ ಅದುಮಿ ಹಿಡೀಬೇಕು. ಭಾಳ ಜೋರಿನ ಸ್ಪ್ರಿಂಗು ಅದು, ಸರಿಯಾದ ಹತಾರ ಇಲ್ಲದ ಬಿಚ್ಚಿದ್ರ ಜೀವಕ್ಕ ಅಪಾಯ. ಮೊದಲ ಸಲ ಬಿಚ್ಚಿದಾಗನ ಹಾಕಿದ್ರ ಎರಡನೇ ಮಜೂರಿ ಉಳೀತಿತ್ತು. ಮಾಲಕರು ಬಿಲ್ ನೋಡಿದ್ರು, ವಹಿ ನೋಡಿದ್ರು, “ಇದನ್ನ ಯಾರ ಬರದಾರ್ರಿ?” ಅಂದ್ರು. ನಮ್ಮ ಅತ್ತಿಯವರು, 71 ವರ್ಷ, ಅಂದೆ. ಎರಡೂ ಕಡೆ ಮೌಂಟಿಂಗ್, ಬೇರಿಂಗ್ ಸಾಮಾನಿನ 1,800 ರೂಪಾಯಿ ಅಷ್ಟ ತಗೊಂಡ್ರು, ಮಜೂರಿ ತಗೊಳ್ಳಲಿಲ್ಲ, ಅಲೈನ್‌ಮೆಂಟ್ ಮತ್ತ ಮಾಡಿಕೊಟ್ರು. ರ್‍ಯಾಕಿನ ಮಾತು ತಾವೂ ತಗೀಲಿಲ್ಲ, ನಾನೂ ತಗೀಲಿಲ್ಲ.

ನೀವು ಯಾರರೆ ಶಾಕಪ್ ಹಾಕಸೋರಿದ್ರ ಮೊದಲ ಬಾಯಿ ಬಿಟ್ಟು ಕೇಳ್ರಿ, ಮೌಂಟಿಂಗ್, ಬೇರಿಂಗ್ ಹೊಸಾವು ಹಾಕ್ತೀರೇನು ಅಂತ. ಬುಶ್ ಬೋಲ್ಟು ಗಾಡಿ ಇಳಿಸಿದ ಮ್ಯಾಲೆ ಬಿಗೀರಿ ಅಂತ ಹೇಳ್ರಿ. ಮಾರಿ ನೋಡ್ತಾರ, ನೋಡ್ಲಿ. ಹಳೇ ಸಾಮಾನ ಚೀಲದಾಗ ಹಾಕಿ ಕೊಡ್ರಿ ಅನ್ರಿ. 500 ಕಿ.ಮೀ. ಓಡಿದ ಮ್ಯಾಲೆ ಒಮ್ಮೆ ಎಲ್ಲಾ ನಟ್ಟು ತಿರಗಿ ನೋಡಿಸ್ರಿ, ನಾ ನೋಡಿಸಿದೆ, ಎಲ್ಲಾ ಗಟ್ಟಿ ಇದ್ದೂವು.

ಮರುದಿನ ಗುರುವಾರ ಅತ್ತಿಯವರನ್ನ ಕರಕೊಂಡು ಬರೋ ಮುಂದ ಉಣಕಲ್ ದಾಟೋದ್ರಾಗ ನಿದ್ದಿ ಹತ್ತಿತ್ತು ಅವರಿಗೆ, ಕೈ ದಿಂಬಿನ ಮ್ಯಾಲೆ ಇಟಗೊಂಡು. ಮನಿ ಮುಂದ ನಿಂತ ಮ್ಯಾಲೂ ಎಬ್ಬಸಲಿಕ್ಕೆ ಮನಸ ಬರಲಿಲ್ಲ, ಹತ್ತು ನಿಮಿಷ ಇಂಜಿನ್ ಬಂದ್ ಮಾಡಿ ಹಂಗ ಕೂತೆ.

ವಹಿ ಮಾತ್ರ ಅವರು ತಿರಗಿ ಕೊಟ್ಟಿಲ್ಲ. ಹೋದ ವಾರ ತಗದು ನೋಡಿದ್ರ ಹೊಸಾ ಪುಟದಾಗ, “ಹಿಂದ, ಹಂಪ್ ಇಳದ ಮ್ಯಾಲೆ, ಖಣ್” ಅಂತ ಬರದಿದ್ರು. ಡಿಕ್ಕಿ ತಗದು ನೋಡಿದೆ. ಕಾಯಿಪಲ್ಲೆ ಚೀಲದಾಗ ಎರಡು ತಿಂಗಳಿಂದ ಹುಡಕಲಿಕತ್ತಿದ್ದ ಇಕ್ಕಳ ಇತ್ತು.